ಮಡಕೆಯೊಳಗಿನ ಕೈ

ನನ್ನ ಮಗಳ ಬಲಗೈ ಮೂಳೆ ಮುರಿದವಳು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನನ್ನ ಕಾಯಿಲೆಯ ಸುದ್ದಿ ಎತ್ತಿದರೆ ಸಾಕು, ಕೇಳುವವರು ಅಯ್ಯೋ ಪಾಪ ಅಂದುಬಿಡುತ್ತಾರೆ. ಒಮ್ಮೆ ಆ ಮಾತು ಬಂದಮೇಲೆ ಮುಖ್ಯವಾದದ್ದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಅದೊಂದು ಸೋಮವಾರ ಬೆಳಗ್ಗೆ. ಲಾವಣ್ಯ ಹೊಸಕೋಟೆಯ ಕಾಲೇಜಿಗೆ ಹೊರಡುವ ಹೊತ್ತು. ಪಿಯುಸಿಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ, ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದಳು. ನಮ್ಮ ಯಜಮಾನರು ಫ್ಯಾಕ್ಟರಿಯ ಮೊದಲ ಪಾಳಿಗೆ ಹೋಗಿದ್ದರು. ನಾನು ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದೆ. ಪಕ್ಕದ ಒಲೆಯ ಮೇಲೆ ಸಾರು ತಳ ಹತ್ತಿತ್ತು, ನನಗೆ ಗೊತ್ತಾಗಿರಲಿಲ್ಲ. ಲಾವಣ್ಯ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ಸಾರು ಸೀದು ಮನೆಯೆಲ್ಲಾ ನಾರ್ತಾ ಐತೆ, ನಿಂಗೆ ವಾಸನೆ ಬರ್ತಿಲ್ವಾ?" ಅಂದಳು. ಅವಳು ಅಂದದ್ದು ಅಷ್ಟೇ.

ಕೈಯಲ್ಲಿದ್ದ ಮುದ್ದೆ ಕೋಲಿನಿಂದಲೇ ಹೊಡೆದೆ. ಅವಳು ಮುಖಕ್ಕೆ ಅಡ್ಡವಾಗಿ ಕೈ ಎತ್ತಿದಳು. ಮೊದಲ ಏಟು ಮುಂಗೈಗೆ ಬಿದ್ದು ಸೌದೆ ಮುರಿದ ಹಾಗೆ ಸದ್ದಾಯಿತು. ಎರಡನೆಯದು ಭುಜಕ್ಕೆ. ಮೂರನೆಯದು ಅವಳು ತಿರುಗಿ ಓಡುವಾಗ ಬೆನ್ನಿಗೆ. ಕೋಲಿಗಂಟಿದ್ದ ಬಿಸಿ ಹಿಟ್ಟು ಅವಳ ಕತ್ತಿಗೆ ಮೆತ್ತಿಕೊಂಡು ಬೊಬ್ಬೆ ಎದ್ದಿತು. "ಕಟ್ಟಿ ಪಾಸಾದೋಳು ನೀನು ನಂಗೆ ಹೇಳಕ್ ಬರ್ತೀಯಾ? ಊರೋರ ಮುಂದೆ ನನ್ನ ತಲೆ ತಗ್ಗಿಸಿದ್ದು ಸಾಲ್ದಾ?" ಅನ್ನುತ್ತ ನಡುಮನೆಯವರೆಗೂ ಅಟ್ಟಿಸಿಕೊಂಡು ಹೋದೆ. ನಾಲ್ಕನೆಯ ಏಟು ಬಾಗಿಲ ಚೌಕಟ್ಟಿಗೆ ತಗುಲಿ ನನ್ನ ಕೈ ಜೋಮು ಹಿಡಿಯಿತು. ಇಲ್ಲದಿದ್ದರೆ ಅದೂ ಅವಳಿಗೇ ಬೀಳುತ್ತಿತ್ತು.

ಹೊಡೆಯುವಾಗ ನನಗೆ ಹಿತವಾಗಿತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಒದ್ದಾಡಿದೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಅದಕ್ಕೂ ಒಂದೂವರೆ ವರ್ಷದ ಹಿಂದೆ ನಾನು ಹೀಗಿರಲಿಲ್ಲ ಎಂದು ನಮ್ಮವರೆಲ್ಲ ಹೇಳುತ್ತಾರೆ. ಅನುಗೊಂಡನಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಪುಸ್ತಕ ಹೊಂದಿಸು, ಪೇಪರು ಹಾಕು, ಬಂದವರ ಸಹಿ ಹಾಕಿಸಿಕೋ. ಬಾಯಿ ಜೋರು ಎಂಬ ಹೆಸರು ನನಗೆ ಹುಟ್ಟಿದಾಗಿನಿಂದ ಇದೆ. ಕೈ ಜೋರು ಎಂದು ಯಾರೂ ಅಂದಿರಲಿಲ್ಲ.

ಮೊದಲು ಹೋದದ್ದು ವಾಸನೆ. ಅದು ಹೋದದ್ದು ನನಗೇ ತಿಳಿಯಲಿಲ್ಲ. ಹಾಲು ಉಕ್ಕಿ ಸೀದರೂ ಗೊತ್ತಾಗದು, ಊದುಬತ್ತಿ ಹಚ್ಚಿದರೂ ಗೊತ್ತಾಗದು. ನೆಗಡಿಯಿರಬೇಕು ಅಂದುಕೊಂಡೆ. ಹಣೆ ಸದಾ ಭಾರ. ಆಮೇಲೆ ಸಿಟ್ಟು ಶುರುವಾಯಿತು. ಸಿಟ್ಟು ಯಾರಿಗೆ ಬರುವುದಿಲ್ಲ? ಆದರೆ ಅದು ಬರುವ ಮೊದಲು ಒಂದು ಕ್ಷಣ ತಡೆದು ನಿಲ್ಲಿಸುವ ಜಾಗ ಇರುತ್ತದಲ್ಲ, ನನಗೆ ಆ ಜಾಗವೇ ಇರಲಿಲ್ಲ. ಅನ್ನಿಸಿದ್ದೂ ಮಾಡಿದ್ದೂ ಒಟ್ಟಿಗೇ ಆಗಿಬಿಡುತ್ತಿತ್ತು.

ಗ್ರಂಥಾಲಯಕ್ಕೆ ಬರುತ್ತಿದ್ದ ಒಬ್ಬ ನಿವೃತ್ತ ಕಂಡಕ್ಟರು ಶ್ರದ್ಧಾಂಜಲಿ ಜಾಹೀರಾತುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಯಾರು ಸತ್ತರು, ಎಷ್ಟು ಮಕ್ಕಳು, ವೈಕುಂಠ ಸಮಾರಾಧನೆ ಎಂದು. ಹತ್ತು ವರ್ಷ ಅದನ್ನು ಕೇಳಿ ನಕ್ಕಿದ್ದೆ. ಒಂದು ದಿನ ಎದ್ದುಹೋಗಿ, ಪೇಪರು ಸಿಕ್ಕಿಸುವ ಮರದ ಪಟ್ಟಿಯಿಂದ ಅವರ ತಲೆಗೆ ಬಾರಿಸಿದೆ. ಕನ್ನಡಕ ಒಡೆದು ಹುಬ್ಬಿನ ಮೇಲೆ ರಕ್ತ ಬಂತು. ಅವರು ನನ್ನ ಮೇಲೆ ದೂರು ಕೊಡಲಿಲ್ಲ. ಬರುವುದನ್ನು ಬಿಟ್ಟರು, ಅಷ್ಟೇ.

ಇನ್ನೊಮ್ಮೆ ಹೊಸಕೋಟೆ ಬಸ್ಸಿನಲ್ಲಿ ಯಜಮಾನರು ಕಿಟಕಿ ಮುಚ್ಚಿದ್ದಕ್ಕೆ ಅವರ ತೋಳು ಕಚ್ಚಿದೆ. ಅಂಗಿ ಹರಿದು ಹಲ್ಲಿನ ಗುರುತು ಬೀಳುವಷ್ಟು. ಬಸ್ಸಿನವರೆಲ್ಲ ನೋಡುತ್ತಿದ್ದರು. ಅವರು ಕೈ ಮುಚ್ಚಿಕೊಂಡು, "ನಾಯಿ ಕಚ್ಚಿತ್ತು, ಗಾಯ ಕೆರೆದುಬಿಟ್ಲು" ಎಂದು ಪಕ್ಕದವರಿಗೆ ಹೇಳಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಾಯಿಯೆನ್ನಿಸಿಕೊಂಡೆ, ಅದೂ ನನ್ನ ಮಾನ ಉಳಿಸುವುದಕ್ಕೆ.

ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತೆ ಎಂದರು ಕೆಲವರು. ನನ್ನ ಓರಗಿತ್ತಿ ಎಲ್ಲಿಂದಲೋ ಯಂತ್ರ ಬರೆಸಿ ತಂದು ತೋಳಿಗೆ ಕಟ್ಟಿದಳು. ಅದನ್ನು ಹಲ್ಲಿನಿಂದ ಕಡಿದು ಅವಳ ಮುಖಕ್ಕೇ ಉಗುಳಿದೆ. ಊರಿನ ಡಾಕ್ಟರು ಬಿ.ಪಿ. ಮಾತ್ರೆ ಕೊಟ್ಟರು. ಹೀಗೆ ಒಂದೂವರೆ ವರ್ಷ ಎಲ್ಲರೂ ನನಗೆ ಒಂದೊಂದು ಕಾರಣ ಹುಡುಕಿಕೊಟ್ಟರು. ಲಾವಣ್ಯ ಮಾತ್ರ ನಾನು ಕೋಣೆಯೊಳಗೆ ಬಂದರೆ ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಕಲಿತಿದ್ದಳು.

ಕೈ ಮುರಿದ ದಿನ ಪಕ್ಕದ ಮನೆಯವರು ಅವಳನ್ನು ಹೊಸಕೋಟೆಯ ಒಂದು ಆಸ್ಪತ್ರೆಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ. ಯಾಕೆ ಹೋದೆನೋ. ತಾಯಿಯಾಗಿ ಹೋದೆನೋ, ಉಳಿದ ಏಟು ಹಾಕುವುದಕ್ಕೆ ಹೋದೆನೋ ಈಗಲೂ ಗೊತ್ತಿಲ್ಲ. ಎಕ್ಸ್‌ರೇ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದಾಗ ಅಲ್ಲಿನ ವಾರ್ಡ್ ಬಾಯ್ ಸ್ವಲ್ಪ ಸರಿದು ಕೂರಿ ಅಂದ. ಅವನ ಕೆನ್ನೆಗೆ ಬಿಟ್ಟೆ. ಗಲಾಟೆ ಕೇಳಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಳು. ಸಾರು ಸೀದ ಸಂಗತಿಯನ್ನು ಲಾವಣ್ಯಳಿಂದ ಕೇಳಿಕೊಂಡಿದ್ದಳಂತೆ. ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಅವಳು ಒಂದಷ್ಟು ಹತ್ತಿ ತಂದು ನನ್ನ ಮೂಗಿನ ಹತ್ತಿರ ಹಿಡಿದು, ಇದು ಯಾವ ವಾಸನೆ ಹೇಳಿ ಅಂದಳು. ಬರೀ ಹತ್ತಿ ಹಿಡಿದು ನನ್ನ ತಮಾಷೆ ಮಾಡುತ್ತೀಯಾ ಎಂದು ಅವಳ ಕೈ ತಳ್ಳಿದೆ. ಹತ್ತಿಯ ತುಂಬ ಸ್ಪಿರಿಟ್ ಇತ್ತಂತೆ. ಬೆಂಚಿನ ತುದಿಯಲ್ಲಿ ಕೂತಿದ್ದವರಿಗೂ ಘಾಟು ಹೊಡೆಯುತ್ತಿತ್ತಂತೆ. ಅವಳು ಹಿಂದಕ್ಕೆ ಸರಿದು, ಯಜಮಾನರು ಬಂದಮೇಲೆ ಇವರ ತಲೆಯ ಸ್ಕ್ಯಾನ್ ಮಾಡಿಸಿ, ತಡಮಾಡಬೇಡಿ ಎಂದು ಪಕ್ಕದ ಮನೆಯವರ ಕೈಗೆ ಚೀಟಿ ಕೊಟ್ಟಳು. ನನ್ನಿಂದ ತಳ್ಳಿಸಿಕೊಂಡ ಅವಳೇ ನನ್ನನ್ನು ಉಳಿಸಿದವಳು. ಅವಳ ಹೆಸರು ಕೇಳಿಕೊಳ್ಳಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನರರೋಗದ ವಿಭಾಗದ ಮುಂದೆ ಕಾಯುವವರದು ಒಂದೇ ರೂಪ. ಎಲ್ಲರ ತೊಡೆಯ ಮೇಲೂ ದೊಡ್ಡ ಸ್ಕ್ಯಾನ್ ಕವರು. ಯಾರೂ ಅದನ್ನು ತೆರೆದು ನೋಡುವುದಿಲ್ಲ, ಕೈ ಬಿಡುವುದೂ ಇಲ್ಲ. ನಾಲ್ಕು ಗಂಟೆ ಕಾದೆವು. ನನ್ನ ಒಂದು ಪಕ್ಕ ಯಜಮಾನರು, ಇನ್ನೊಂದು ಪಕ್ಕ ನಲ್ಲೂರಿನ ನನ್ನ ಅಣ್ಣ. ಇಬ್ಬರೂ ನನ್ನ ಒಂದೊಂದು ಮಣಿಕಟ್ಟು ಹಿಡಿದುಕೊಂಡಿದ್ದರು. ನೋಡುವವರಿಗೆ ಅದು ಪ್ರೀತಿಯಂತೆ ಕಂಡಿರಬೇಕು. ಲಾವಣ್ಯ ಪ್ಲಾಸ್ಟರು ಹಾಕಿದ ಕೈ ಎದೆಗಾನಿಸಿಕೊಂಡು ಎದುರು ಸಾಲಿನಲ್ಲಿ ಕೂತಿದ್ದಳು.

ಹಣೆಯ ಹಿಂದೆ ಮೂಸಂಬಿಯಷ್ಟು ಗೆಡ್ಡೆಯಿದೆ ಅಂದರು ಡಾಕ್ಟರು. ಕ್ಯಾನ್ಸರ್ ಅಲ್ಲ. ಬಹಳ ವರ್ಷದಿಂದ ನಿಧಾನಕ್ಕೆ ಬೆಳೆದಿದೆ, ವಾಸನೆ ಹೋದದ್ದೂ ಸಿಟ್ಟು ಬಂದದ್ದೂ ಇದರಿಂದಲೇ, ತಲೆ ತೆರೆದು ತೆಗೆಯಬೇಕು ಅಂದರು. ನನಗೆ ಭಯವಾಯಿತು. ತಲೆ ತೆರೆಯುವುದು ಎಂಬ ಮಾತನ್ನು ಅವರು ಟಿಫನ್ ಡಬ್ಬಿ ತೆರೆಯುವಷ್ಟು ಸಲೀಸಾಗಿ ಹೇಳಿದರು. ಯಜಮಾನರು ಮಾತ್ರ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತರು. ಸಂತೋಷಕ್ಕೆ ಅತ್ತದ್ದು. ಹೆಂಡತಿಯ ತಲೆಯಲ್ಲಿ ಗೆಡ್ಡೆಯಿದೆ ಎಂದು ಅಷ್ಟು ಹಗುರಾದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಅಣ್ಣ ನನ್ನ ಬೆನ್ನು ಸವರಿ, "ಹೊಡ್ದಿದ್ದು ನೀನಲ್ಲ ಬಿಡವ್ವ, ಗೆಡ್ಡೆ" ಅಂದ.

ಆಗ ಲಾವಣ್ಯ ಮಾತಾಡಿದಳು. "ನಾನು ಕಟ್ಟಿ ಪಾಸಾಗಿದ್ದು ಗೆಡ್ಡೆಗೆ ಹೆಂಗೆ ಗೊತ್ತಾಯ್ತು ಮಾವ?"

ಅಣ್ಣ ನನ್ನ ಬೆನ್ನ ಮೇಲಿನ ಕೈ ತೆಗೆದ. ಅವತ್ತು ಅವಳು ನಮ್ಮ ಜೊತೆ ಮನೆಗೆ ಬರಲಿಲ್ಲ. ಆಸ್ಪತ್ರೆಯಿಂದಲೇ ನೇರ ಅಣ್ಣನ ಜೊತೆ ನಲ್ಲೂರಿಗೆ ಹೋದಳು. ಕಾಲೇಜನ್ನೂ ದೇವನಹಳ್ಳಿಗೆ ಬದಲಾಯಿಸಿಕೊಂಡಳು.

ಆಪರೇಷನ್ನಿನ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಎಚ್ಚರವಾದಾಗ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ತಲೆ ಬೋಳು. ಗಂಟಲಲ್ಲಿ ಕೊಳವೆ ತೆಗೆದ ಉರಿ. ಯಾರೋ ಬಾಯಿಗೆ ಒದ್ದೆ ಬಟ್ಟೆ ಇಟ್ಟಾಗ ಅವರ ಬೆರಳು ಕಚ್ಚಿ ಹಿಡಿದೆ. ಇಬ್ಬರು ಬಂದು ದವಡೆ ಒತ್ತಿ ಬಿಡಿಸಬೇಕಾಯಿತು. ಕಚ್ಚಿಸಿಕೊಂಡ ನರ್ಸು ಮಾರನೆಯ ದಿನವೂ ನನ್ನ ಡ್ಯೂಟಿಗೇ ಬಂದಳು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು. ಕೈ ಕಟ್ಟಿದ್ದ ಮೂರು ದಿನ ನನಗೆ ತಾಳಲಾರದ ಹಿಂಸೆಯೆಂದರೆ ಬೆನ್ನಿನ ತುರಿಕೆ. ಕಸ ಗುಡಿಸಲು ಬರುತ್ತಿದ್ದ ಒಬ್ಬ ಆಯಮ್ಮ, ನಾನು ಕೇಳದೆಯೇ ನನ್ನ ಬೆನ್ನ ಕೆಳಗೆ ಕೈ ತೂರಿಸಿ ಕೆರೆದಳು. "ಕಟ್ಟಾಕವ್ರೆ ಅಂತ ತುರಿಕೆಗೇನು ತಿಳೀತದೆ" ಅಂದಳು. ಅವಳ ಮುಂದೆ ಗೋಳೋ ಎಂದು ಅತ್ತುಬಿಟ್ಟೆ.

ಗೆಡ್ಡೆ ಹೋಯಿತು. ವಾಸನೆ ಮರಳಿ ಬರಲಿಲ್ಲ. ಸಿಟ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ನಜ್ಜಿದ ಜಾಗ ಸರಿಹೋಗಲು ವರ್ಷ ಬೇಕು, ಸ್ವಲ್ಪ ಹೀಗೇ ಉಳಿದರೂ ಉಳಿಯಬಹುದು ಅಂದರು ಡಾಕ್ಟರು. ಒಂದೇ ವ್ಯತ್ಯಾಸವೆಂದರೆ ಈಗ ಅದು ಬರುವುದು ಗೊತ್ತಾಗುತ್ತದೆ. ಕಿವಿಯ ಕೆಳಗೆ ದವಡೆ ಬಿಗಿಯುತ್ತದೆ. ಅಲ್ಲಿಂದ ಕೈ ಏಳುವುದಕ್ಕೆ ನಾಲ್ಕೈದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಮೊದಲು ಅದೂ ಇರಲಿಲ್ಲ.

ಲಾವಣ್ಯಳಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅಪ್ಪನ ಜೊತೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ, ಅವಳು ನನ್ನ ವಿಷಯ ಎತ್ತುತ್ತಲೇ ಇರಲಿಲ್ಲ. ಕೊನೆಗೆ ನಾನೇ ಒಂದು ವಾಯ್ಸ್ ಮೆಸೇಜು ಕಳಿಸಿದೆ. ಹೊಡೆದದ್ದು ನಾನಲ್ಲ, ಗೆಡ್ಡೆಯಿಂದ ಆದದ್ದು, ಡಾಕ್ಟರೇ ಹೇಳಿದ್ದಾರೆ ಎಂದು. ಅವಳಿಂದ ಒಂದು ಸಾಲು ಬಂತು. "ಡಾಕ್ಟರ್ ಏನು ಹೇಳಿದ್ರು ಅಂತ ಗೊತ್ತು. ನೀನು ಹೇಳು."

ಫೋನನ್ನು ಗೋಡೆಗೆ ಎಸೆದೆ.

ಹೊಸ ಫೋನು ತಂದ ದಿನವೇ ಯಜಮಾನರು ನನ್ನನ್ನು ಮಣ್ಣಿನ ಶೆಡ್ಡಿಗೆ ಸೇರಿಸಿದ್ದು. ಮನೆಯಲ್ಲೇ ಕೂರಿಸಬೇಡಿ, ನಾಲ್ಕು ಜನರ ಮಧ್ಯೆ ಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಅನುಗೊಂಡನಹಳ್ಳಿ ರಸ್ತೆಯಲ್ಲಿ ನೀಲಗಿರಿ ತೋಪಿನ ಪಕ್ಕ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆಯೊಂದಿದೆ. ಅದನ್ನು ವಸುಧಾ ಎಂಬಾಕೆ ತೆಗೆದುಕೊಂಡು ಮಡಕೆ ಮಾಡುವ ಸ್ಟುಡಿಯೋ ಮಾಡಿದ್ದರು. ಅರವತ್ತರ ಹತ್ತಿರದ ಹೆಂಗಸು. ಬಾಗಿಲಲ್ಲೇ ಒಂದು ಹಲಗೆ ತೂಗುಹಾಕಿದ್ದರು: ಕೂತು ಮಾತಾಡೋಣ, ಮಡಕೆ ಆದರೆ ಆಗಲಿ. ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಹೊಸ ಅಪಾರ್ಟ್‌ಮೆಂಟಿನ ಹೆಂಗಸರು, ಒಬ್ಬ ನಿವೃತ್ತ ಕಾಂಪೌಂಡರು, ಉಪ್ಪಿನ ಬಟ್ಟಲು ಬಿಟ್ಟು ಬೇರೇನೂ ಮಾಡದ ಒಬ್ಬ ಟ್ರ್ಯಾಕ್ಟರ್ ಡ್ರೈವರು. ಕಡ್ಲೆಪುರಿ, ಟೀ, ಹರಟೆ. ಯಾರ ಮಡಕೆ ಸೊಟ್ಟಗಾದರೂ ಯಾರೂ ಏನೂ ಅನ್ನಬಾರದು ಎಂಬುದು ಅಲ್ಲಿನ ನೇಮ.

ಬಂದವರಿಗೆಲ್ಲ ಮೊದಲ ಕೆಲಸ ಮಣ್ಣು ಹದ ಮಾಡುವುದು. ದೊಡ್ಡ ಮುದ್ದೆ ಎತ್ತಿ ಕಲ್ಲಿನ ಮೇಲೆ ಬಡಿಯಬೇಕು, ಗಾಳಿ ಹೋಗುವವರೆಗೆ. ನನ್ನ ಸಂಗತಿ ತಿಳಿದ ಎಲ್ಲರೂ ಉತ್ಸಾಹದಿಂದ ಹೇಳಿದರು, ಹೊಡೀರಿ, ಸಿಟ್ಟೆಲ್ಲ ಇಳಿದುಹೋಗುತ್ತೆ ಎಂದು. ಇಳಿಯಲಿಲ್ಲ. ಬಡಿದಷ್ಟೂ ಏರಿತು. ಹೊಡೆದರೆ ಹೊಡೆಯುವ ಚಟ ಹೆಚ್ಚುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಮೂರನೆಯ ಶನಿವಾರ ಗೀತಾ ಎನ್ನುವ ಅಪಾರ್ಟ್‌ಮೆಂಟಿನ ಹೆಂಗಸು ನನ್ನ ಪಕ್ಕ ಕೂತು, ತಲೆಯ ಹೊಲಿಗೆಯ ಗುರುತು ನೋಡಿ, ಒಳ್ಳೆಯ ಯೋಚನೆಗಳನ್ನೇ ಮಾಡಿ, ಎಲ್ಲ ನಮ್ಮ ಮನಸ್ಸಿನಲ್ಲಿದೆ ಅಂದಳು. ದವಡೆ ಬಿಗಿಯಿತು. ಎರಡು ಕೆಜಿ ಮಣ್ಣಿನ ಮುದ್ದೆ ಅವಳ ಮುಖಕ್ಕೆ ಬೀಸಿದೆ. ಅವಳು ತಗ್ಗಿದಳು. ಮುದ್ದೆ ಹಿಂದಿದ್ದ ಅಟ್ಟಣೆಗೆ ಬಡಿದು, ಒಣಗಲು ಇಟ್ಟಿದ್ದ ಲೋಟಗಳು ಉರುಳಿದವು. ಅಷ್ಟಕ್ಕೆ ನಿಲ್ಲಲಿಲ್ಲ. ಉಳಿದವನ್ನು ಒಂದೊಂದಾಗಿ ಎತ್ತಿ ನೆಲಕ್ಕಪ್ಪಳಿಸಿದೆ. ಡ್ರೈವರನ ಉಪ್ಪಿನ ಬಟ್ಟಲುಗಳನ್ನು ಕಾಲಲ್ಲಿ ತುಳಿದೆ. ಎಲ್ಲ ಮುಗಿದಾಗ ಜನರೆಲ್ಲ ಜಗುಲಿಯ ಮೇಲೆ ನಿಂತಿದ್ದರು, ಶೆಡ್ಡಿನಲ್ಲಿ ನಾನೊಬ್ಬಳೇ.

ವಸುಧಾ ಒಳಗೆ ಬಂದರು. "ಸುಶೀಲಾ ಅವರೇ, ಇದು ಹಸಿ ಮಣ್ಣು, ನೀರಲ್ಲಿ ನೆನೆಸಿದ್ರೆ ಮತ್ತೆ ಬಳಸ್ಬಹುದು. ಗೀತಾ ತಲೆ ಹಾಗಲ್ಲ" ಅಂದರು. ನಾನು ಬ್ಯಾಗು ತೆಗೆದುಕೊಂಡೆ. ಅವರು ತಡೆದು, ಅದು ಬರುವುದು ನಿಮಗೆ ಮೊದಲೇ ಗೊತ್ತಾಗುತ್ತದೆಯೇ ಎಂದು ಕೇಳಿದರು. ದವಡೆಯ ವಿಷಯ ಹೇಳಿದೆ. ಅವರು ಜಗುಲಿಗೆ ಹೋಗಿ ಎಲ್ಲರ ಜೊತೆ ಮಾತಾಡಿಕೊಂಡು ಬಂದರು. ಅಂದಿನಿಂದ ಒಂದು ಹೊಸ ನೇಮವಾಯಿತು. ದವಡೆ ಬಿಗಿದ ಕೂಡಲೇ ನಾನು "ಬಂತು" ಅನ್ನಬೇಕು. ಅಂದ ತಕ್ಷಣ ಎಲ್ಲರೂ ತಮ್ಮ ತಮ್ಮ ಮಡಕೆ, ಟೀ ಲೋಟ ಎತ್ತಿಕೊಂಡು ಜಗುಲಿಗೆ ಹೋಗಬೇಕು. ಯಾರೂ ನನ್ನ ಹಿಂದೆ ಬರಬಾರದು, ನಾನೂ ಯಾರ ಹಿಂದೆ ಹೋಗಬಾರದು. ಮುಗಿದಮೇಲೆ ಏನಾಯಿತೆಂದು ಯಾರೂ ಕೇಳಬಾರದು. ಇನ್ನು ಮೇಲೆ ಬಾಗಿಲ ಹತ್ತಿರದ ಜಾಗ ನನಗಿರಲಿ ಎಂದಷ್ಟೇ ಕೇಳಿದಳು ಗೀತಾ. ಅವಳು ಬರುವುದನ್ನು ನಿಲ್ಲಿಸಲಿಲ್ಲ. ಎಂಥ ಗಟ್ಟಿಗಿತ್ತಿ ನೋಡಿ.

ಆ ಶೆಡ್ಡಿನ ಮೂಲೆಯಲ್ಲಿ ಪಿಳ್ಳಪ್ಪ ಎಂಬ ಹಿರಿಯರು ಕೂರುತ್ತಿದ್ದರು. ತಲೆಮಾರಿನಿಂದ ಕುಂಬಾರಿಕೆಯವರು. ಉಳಿದವರೆಲ್ಲ ಲೋಟ ಬಟ್ಟಲು ಮಾಡಿದರೆ ಅವರು ನೀರಿನ ಮಡಕೆ ಮಾಡುತ್ತಿದ್ದರು. ತಿಗರಿ ಚಕ್ರದಿಂದ ಇಳಿದ ಮಡಕೆಗೆ ತಳವಿರುವುದಿಲ್ಲ, ಗೋಡೆ ದಪ್ಪ. ಒಂದು ಕೈಯನ್ನು ಒಳಗಿಟ್ಟು ಗುಂಡುಕಲ್ಲು ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಿಂದ ಹೊರಗೆ ಮರದ ಹಲಗೆಯಲ್ಲಿ ತಟ್ಟಬೇಕು. ತಟ್ಟಿ ತಟ್ಟಿ ಗೋಡೆ ತೆಳುವಾಗಿ, ತಳ ಕೂಡಿಕೊಂಡು, ಹೊಟ್ಟೆ ಬರುತ್ತದೆ. ಲೋಟ ಒಡೆದ ಮುಂದಿನ ವಾರ ಅವರು ನನ್ನನ್ನು ಕರೆದು ಹಲಗೆ ಕೊಟ್ಟರು. ಒಳಗೆ ತಮ್ಮ ಕೈಯಿಟ್ಟು, ಕಲ್ಲಿರುವ ಕಡೆಗೇ ಹೊಡಿ ಅಂದರು.

ಹತ್ತು ಏಟು ಸರಿಯಾಗಿ ಬಿದ್ದವು. ಹನ್ನೊಂದನೆಯದನ್ನು ಬೇಕೆಂದೇ ಜೋರಾಗಿ, ಕಲ್ಲಿಲ್ಲದ ಕಡೆಗೆ ಹೊಡೆದೆ. ಗೋಡೆ ಹರಿದು ಹಲಗೆ ಅವರ ಹೆಬ್ಬೆರಳಿಗೆ ಬಿತ್ತು. ಉಗುರು ಸೀಳಿ ಮಣ್ಣೆಲ್ಲ ಕೆಂಪಾಯಿತು. ದವಡೆ ಬಿಗಿದಿತ್ತು, "ಬಂತು" ಅನ್ನಲು ಹೊತ್ತೂ ಇತ್ತು, ಅನ್ನಲಿಲ್ಲ. ಪಿಳ್ಳಪ್ಪ ಕೈ ತೊಳೆದುಕೊಂಡು, ಬಟ್ಟೆ ಚೂರು ಸುತ್ತಿಕೊಂಡು ಬಂದು ಇನ್ನೊಂದು ಮಡಕೆ ಇಟ್ಟರು. ಗುಂಡುಕಲ್ಲನ್ನು ನನ್ನ ಎಡಗೈಗೆ ಕೊಟ್ಟರು.

"ಇನ್ಮೇಲೆ ನಿನ್ನ ಕೈ ನೀನೇ ಇಡು ತಾಯಿ," ಅಂದರು. "ಏಟು ಎಲ್ಲಿ ಬೀಳ್ತದೆ ಅಂತ ಹೊಡೆಯೋಳಿಗೆ ಗೊತ್ತಾಗ್ಲಿ."

ಅಲ್ಲಿಂದ ಏಳು ತಿಂಗಳು ನಾನು ಮಾಡಿದ್ದು ಅದೊಂದೇ. ಬಲಗೈ ಕೊಟ್ಟದ್ದನ್ನು ಎಡಗೈ ತೆಗೆದುಕೊಳ್ಳಬೇಕು. ಜೋರಾಗಿ ಹೊಡೆದರೆ ಕಲ್ಲು ಅಂಗೈಗೆ ಕುಟ್ಟಿ ಮೊಣಕೈವರೆಗೂ ಝುಮ್ಮೆನ್ನುತ್ತದೆ. ಕಲ್ಲು ತಪ್ಪಿದರೆ ಬೆರಳೇ ಜಜ್ಜುತ್ತದೆ. ಮೊದಲ ತಿಂಗಳು ಎಡಗೈ ಊದಿಕೊಂಡು ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಮೂರು ಉಗುರು ಕಪ್ಪಾಗಿ ಉದುರಿದವು. ಮಧ್ಯೆ ಮಧ್ಯೆ "ಬಂತು" ಎನ್ನುತ್ತಿದ್ದೆ, ಜನ ಲೋಟ ಎತ್ತಿಕೊಂಡು ಜಗುಲಿಗೆ ನಡೆಯುತ್ತಿದ್ದರು. ಅಲ್ಲಿ ಅವರ ಹರಟೆ ನಿಲ್ಲುತ್ತಿರಲಿಲ್ಲ. ಮನೆ ಬಾಡಿಗೆಗೆ ಕೊಡುವುದು, ಸೊಸೆಯ ಸೀಮಂತ, ಎಲ್ಲ ಕೇಳಿಸುತ್ತಿತ್ತು. ನನ್ನ ಸಿಟ್ಟನ್ನು ಅಷ್ಟು ಸಾಧಾರಣವಾಗಿ ಯಾರೂ ಕಂಡಿರಲಿಲ್ಲ. ಮಳೆ ಬಂದರೆ ಬಟ್ಟೆ ಎತ್ತಿಡುವ ಹಾಗೆ ಎತ್ತಿಟ್ಟು ಕೂರುತ್ತಿದ್ದರು.

ಒಂದು ಶನಿವಾರ, ಹಲಗೆ ಕೆಳಗಿಟ್ಟು, ಮಣ್ಣಿನ ಕೈಯಲ್ಲೇ ಲಾವಣ್ಯಳಿಗೆ ಬರೆದೆ. ಕೈ ಎತ್ತಿಸಿದ್ದು ಗೆಡ್ಡೆಯಿರಬಹುದು. ಮಾತು ನನ್ನದೇ. ನೀನು ಫೇಲಾದ ದಿನದಿಂದ ಅದು ನನ್ನ ಒಳಗಿತ್ತು. ಓರಗಿತ್ತಿಯ ಮಗಳು ಪಾಸಾದಳು, ನೀನಾಗಲಿಲ್ಲ ಎಂದು ನನಗೆ ನಿನ್ನ ಮೇಲೆ ನಾಚಿಕೆಯಾಗಿತ್ತು. ಮುಚ್ಚಿಟ್ಟಿದ್ದೆ. ಗೆಡ್ಡೆ ಮುಚ್ಚಳ ತೆಗೆಯಿತು, ಅಷ್ಟೇ.

ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಮೂರು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಇದ್ದೊಬ್ಬ ಮಗಳನ್ನೂ ಕಳೆದುಕೊಂಡೆ ಅಂದುಕೊಂಡೆ.

ನಾಲ್ಕನೆಯ ಶನಿವಾರ ಅಣ್ಣನ ಬೈಕು ಶೆಡ್ಡಿನ ಮುಂದೆ ನಿಂತಿತು. ಲಾವಣ್ಯ ಇಳಿದು ಒಬ್ಬಳೇ ಒಳಗೆ ಬಂದಳು. ಹನ್ನೊಂದು ತಿಂಗಳ ಮೇಲೆ ಅವಳನ್ನು ನೋಡಿದೆ. ಸಣ್ಣಗಾಗಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ತುಸು ಸೊಟ್ಟಗೆ ಕೂಡಿಕೊಂಡಿತ್ತು. ನಾನು ಮಡಕೆ ತಟ್ಟುವುದನ್ನು ಎದುರು ನಿಂತು ನೋಡಿದಳು. ಆಮೇಲೆ ಪಿಳ್ಳಪ್ಪನವರನ್ನು ಕೇಳಿದಳು, "ತಾತ, ನಾನೂ ಹೊಡೀಬೋದಾ?"

"ಒಳಗೆ ಯಾರ ಕೈ ಇಡ್ತೀಯವ್ವ?" ಅಂದರು ಅವರು.

ಅವಳು ನನ್ನ ಮುಖ ನೋಡಿದಳು. ನಾನು ಹಲಗೆಯನ್ನು ಅವಳ ಕಡೆ ತಳ್ಳಿ, ಕಲ್ಲು ಹಿಡಿದಿದ್ದ ಕೈಯನ್ನು ಮಡಕೆಯೊಳಗೆ ಇನ್ನಷ್ಟು ಆಳಕ್ಕೆ ಬಿಟ್ಟೆ.

ಮೊದಲ ಏಟು ಕಲ್ಲಿನ ಮೇಲೆ ಬಿತ್ತು, ಎರಡನೆಯದೂ. ಆಮೇಲಿನವು ಕಲ್ಲಿಗೆ ಬೀಳಲಿಲ್ಲ. ಅವಳು ಮಡಕೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸೊಟ್ಟ ಕೈಯನ್ನು ಭುಜದ ಮೇಲಕ್ಕೆತ್ತಿ ಹೊಡೆದಳು. ನಡುಬೆರಳಿನ ಗೆಣ್ಣು ಸಿಡಿಯಿತು. ಕಣ್ಣು ಕತ್ತಲಿಟ್ಟಿತು. ಇನ್ನೊಂದು, ಮತ್ತೊಂದು. ವಸುಧಾ ಓಡಿಬರಲು ಹೊರಟರು, ಪಿಳ್ಳಪ್ಪ ಕೈ ಅಡ್ಡಹಿಡಿದರು. ಗೋಡೆ ಹರಿದು ಹಲಗೆ ನೇರ ನನ್ನ ಮಣಿಕಟ್ಟಿಗೆ ಬಡಿಯಿತು. ನನ್ನ ದವಡೆ ಬಿಗಿಯಲಿಲ್ಲ. ಅದೊಂದನ್ನೇ ನಾನು ಕಾಯುತ್ತಿದ್ದೆ, ಬಿಗಿದರೆ ಕೂಗಿ ಎದ್ದು ಹೋಗೋಣವೆಂದು. ಬಿಗಿಯಲಿಲ್ಲ. ಬರೀ ನೋವಾಯಿತು.

ಅವಳು ನಿಲ್ಲಿಸಿದಳು. ಏದುಸಿರು ಬಿಡುತ್ತಿದ್ದಳು. ಹರಿದ ಮಡಕೆಯೊಳಗೆ ನನ್ನ ಕೈ ಕಾಣುತ್ತಿತ್ತು.

"ನೋವಾಯ್ತಾ?" ಅಂದಳು.

"ಆಯ್ತು."

"ನಂಗೂ ಹಿಂಗೇ ಆಗಿತ್ತು." ಹಾಗೆಂದು ಅಲ್ಲೇ ಮಣ್ಣಿನ ನೆಲದ ಮೇಲೆ ಕೂತು ಅತ್ತಳು. ನಾನು ಅವಳನ್ನು ಮುಟ್ಟಲು ಹೋಗಲಿಲ್ಲ. ಮುಟ್ಟಲು ಈ ಕೈಗೆ ಇನ್ನೂ ಅನುಮತಿಯಿರಲಿಲ್ಲ. ಗೀತಾ ಇಬ್ಬರಿಗೂ ಟೀ ತಂದಿಟ್ಟು ಹೋದಳು.

ಏಟಿಗೆ ಏಟು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅವತ್ತು ಏನೂ ಸರಿಹೋಗಲಿಲ್ಲ. ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ. ತಾನು ಹೊಡೆದದ್ದಕ್ಕೆ ಅವಳು ಎರಡು ವಾರ ನಿದ್ದೆಗೆಟ್ಟಳಂತೆ. ಆದರೆ ಅದಾದಮೇಲೆ ಪ್ರತಿ ಶನಿವಾರ ಬರತೊಡಗಿದಳು. ನನ್ನ ಪಕ್ಕ ಅಲ್ಲ, ಡ್ರೈವರನ ಪಕ್ಕ ಕೂತು ಬಟ್ಟಲು ಮಾಡುತ್ತಿದ್ದಳು. ನಾನು "ಬಂತು" ಅಂದಾಗ ಎಲ್ಲರ ಜೊತೆ ತನ್ನ ಬಟ್ಟಲು ಎತ್ತಿಕೊಂಡು ಜಗುಲಿಗೆ ಹೋಗುವುದನ್ನೂ, ನಾನು ಅಲ್ಲಿಗೆ ಬೆನ್ನಟ್ಟಿ ಹೋಗದಿರುವುದನ್ನೂ ಹಲವು ವಾರ ನೋಡಿದಳು.

ದಸರಾ ರಜೆ ಮುಗಿದ ಶನಿವಾರ ಬಟ್ಟೆಯ ಬ್ಯಾಗಿನ ಜೊತೆ ಬಂದಳು. ಬಸ್ಸು ಕಾಯುತ್ತ ನಿಂತಿದ್ದಾಗ, "ಮನೆಗೆ ಬರ್ತೀನಿ," ಅಂದಳು. "ನೀನು ಬಂತು ಅಂದ್ರೆ ನಾನು ಎದ್ದು ಹೋಗ್ತೀನಿ. ಎಲ್ಲಿಗೆ ಅಂತ ಕೇಳ್ಬಾರ್ದು. ಹಿಂದೆ ಬರ್ಬಾರ್ದು."

ಬರುವುದಿಲ್ಲ ಅಂದೆ.

ಅವಳು ಮನೆಗೆ ಬಂದು ಈಗ ನಾಲ್ಕು ತಿಂಗಳಾಯಿತು. ಎರಡು ಸಲ ಎದ್ದು ಹೋಗಿದ್ದಾಳೆ, ಒಮ್ಮೆ ಊಟದ ತಟ್ಟೆ ಅರ್ಧಕ್ಕೆ ಬಿಟ್ಟು. ಎರಡು ಸಲವೂ ನಾನು ಕೂತಲ್ಲೇ ಕೂತಿದ್ದೆ. ಎರಡು ಸಲವೂ ವಾಪಸ್ಸು ಬಂದಿದ್ದಾಳೆ.